ಪಂಪು ನಿಲ್ಲಿಸಿದವಳು

ಬಂದರಿನ ಗೇಟಿನಲ್ಲಿ ಪಾಸಿಗಾಗಿ ಸಾಲಿನಲ್ಲಿ ನಿಂತಿದ್ದೆ. ಪಕ್ಕದಲ್ಲೇ ತೈಲ ಹಡಗಿನ ಅಧಿಕಾರಿಯೊಬ್ಬಳು ಹಡಗು ಕಂಪನಿಯ ಮ್ಯಾನೇಜರಾದ ತನ್ನ ತಂದೆಯ ಮೇಲೆ ಹರಿಹಾಯುತ್ತಿದ್ದಳು.

"ಅಮ್ಮ ಆರಾಮಾಗೇ ಇದ್ದಾಳೆ, ಈಗಷ್ಟೇ ಮಾತಾಡಿದೆ. ಹುಷಾರಿಲ್ಲ ಅಂತ ಸುಳ್ಳು ಹೇಳಿ ಯಾಕಪ್ಪಾ ನನ್ನ ಕರೆಸಿದ್ರಿ?"

"ಮೆತ್ತಗೆ ಮಾತಾಡೇ. ನೀನು ಎಣ್ಣೆ ಇಳಿಸೋ ಪಂಪು ನಿಲ್ಲಿಸಿ ಕೂತಿದ್ದೀಯ, ಮೇಲಿನವರು ನನ್ನ ಜೀವ ತಿಂತಿದ್ದಾರೆ."

"ಎಣ್ಣೆ ಖಾಲಿಯಾದ ಹಾಗೆಲ್ಲ ಟ್ಯಾಂಕಿಗೆ ಬೆಂಕಿ ಹತ್ತದ ಗ್ಯಾಸ್ ತುಂಬಬೇಕು. ಆ ಯಂತ್ರವೇ ಕೆಟ್ಟಿದೆ. ಈಗ ಪಂಪು ಹಾಕಿದ್ರೆ ಒಳಗೆ ಗಾಳಿ ನುಗ್ಗತ್ತೆ. ಆಮೇಲೆ ಒಂದು ಕಿಡಿ ಸಾಕು."

"ಅಷ್ಟೂ ಗೊತ್ತಿಲ್ವಾ ನಂಗೆ? ಇನ್ನು ಉಳಿದಿರೋದೇ ಸ್ವಲ್ಪ. ಏನೂ ಆಗಲ್ಲ."

"ಏನೂ ಆಗಲ್ಲ ಅಂದ್ರೆ ನನ್ನ ಯಾಕೆ ಹಡಗಿಂದ ಇಳಿಸಿದ್ರಿ?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು.

"ಒಬ್ಬಳೇ ಮಗಳು ಕಣೇ ನೀನು."

"ಒಳಗಿರೋರೇನು ಆಕಾಶದಿಂದ ಉದುರಿದ್ರಾ?"

ಅವಳು ಅಲ್ಲೇ ಹಡಗಿಗೆ ಫೋನ್ ಮಾಡಿದಳು. "ಯಾರು ಹೇಳಿದ್ರೂ ಪಂಪು ಮುಟ್ಟಬೇಡಿ. ಬರ್ತಿದ್ದೀನಿ."

"ಕೆಲಸ ಹೋಗತ್ತೆ!"

"ಹೋಗ್ಲಿ. ಧೈರ್ಯ ಇದ್ರೆ ಬನ್ನಿ, ನೀವೇ ಡೆಕ್ ಮೇಲೆ ನಿಂತು ಪಂಪು ಹಾಕಿಸಿ."

ಹೆಲ್ಮೆಟ್ ಹಾಕಿಕೊಂಡು ಅವಳು ಒಳನಡೆದಳು. ತಂದೆ ಅವಳ ಹೆಸರು ಕೂಗುತ್ತಾ ಗೇಟಿನವರೆಗೂ ಹೋದರು, ದಾಟಲಿಲ್ಲ.