ಅವರವರ ಕೋಣೆ ಅವರವರಿಗೆ

ನಮ್ಮ ಮುದ್ರಣಾಲಯದ ಯಜಮಾನರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ಅತ್ತಿಗೆಯವರೇ, ಅವರ ಮಗಳೇ, ಯಂತ್ರ ನಿಲ್ಲಿಸಿ ಮಸಿ ಕೈಯಲ್ಲೇ ಬಂದಿರುವ ಸಹೋದ್ಯೋಗಿಗಳೇ, ಕುರ್ಚಿ ಸಾಲದೆ ಕಾಗದದ ಕಟ್ಟುಗಳ ಮೇಲೆ ಕುಳಿತಿರುವ ಗ್ರಾಹಕ ಬಂಧುಗಳೇ — ಎಲ್ಲರಿಗೂ ನಮಸ್ಕಾರ. ನಾನು ಪುಟ ಜೋಡಿಸುವ ವಿಭಾಗದವಳು. ಅಗಲಿದ ನಮ್ಮ ಹಿರಿಯ ಸಹೋದ್ಯೋಗಿಯ ಬಗ್ಗೆ ಎರಡು ಮಾತು ಹೇಳಿ ಅಂದಿದ್ದಾರೆ. ಎರಡಕ್ಕೆ ಮುಗಿಯುವ ಹಾಗೆ ಕಾಣುವುದಿಲ್ಲ, ಕ್ಷಮಿಸಿ.

ಇಷ್ಟು ಹೊತ್ತು ಮಾತಾಡಿದವರೆಲ್ಲ ಅವರನ್ನು ಮೃದು ಸ್ವಭಾವದವರು ಅಂದರು. ಯಾರಿಗೂ ಇಲ್ಲ ಅಂದವರಲ್ಲ ಅಂದರು. ಅವರ ಹೆಂಡತಿ, ನಮ್ಮ ಅತ್ತಿಗೆ, ನನ್ನ ಕಡೆ ಬಾಗಿ, "ಇವ್ರೆಲ್ಲ ಯಾರ ಬಗ್ಗೆ ಮಾತಾಡ್ತಿದಾರೆ?" ಅಂತ ಕೇಳಿದರು. ನನಗೂ ಅದೇ ಅನುಮಾನ. ಸ್ವಾಮಿ, ಅವರು ಎಲ್ಲರಿಗೂ ಇಲ್ಲ ಅಂದವರು. ನನಗೆ ಇಲ್ಲ ಅಂದರು, ಯಜಮಾನರಿಗೆ ಇಲ್ಲ ಅಂದರು, ಗ್ರಾಹಕರಿಗಂತೂ ದಿನಾ ಇಲ್ಲ ಅಂದರು. ಅದಕ್ಕೇ ಅಲ್ಲವೇ ನಾವು ಅವರಿಗೆ 'ಚಿಲಕ' ಅಂತ ಹೆಸರಿಟ್ಟದ್ದು? ಬೆನ್ನ ಹಿಂದೆ ಚಿಲಕ, ಎದುರಿಗೆ ಚಿಲಕಣ್ಣ. ಈಗ ಫೋಟೋ ಮುಂದೆ ನಿಂತು ಬೆಣ್ಣೆ ಹಚ್ಚುತ್ತಿದ್ದೇವೆ. ನನಗೆ ಸಿಟ್ಟು ಬರುತ್ತಿದೆ — ಬಂದರೆ ಬರಲಿ, ಹೇಳಿಬಿಡುತ್ತೇನೆ.

ಗೊತ್ತಿಲ್ಲದವರಿಗಾಗಿ ಸ್ವಲ್ಪ ವಿವರ. ಅಚ್ಚಿಗೆ ಕೊಡುವವರೆಲ್ಲ ತಮ್ಮ ಫೈಲುಗಳನ್ನು ನಮ್ಮ ಸರ್ವರಿಗೆ ಕಳಿಸುತ್ತಾರೆ. ಪಠ್ಯಪುಸ್ತಕದವರು, ಕ್ಯಾಲೆಂಡರಿನವರು, ಔಷಧಿ ಡಬ್ಬಿಯವರು, ಒಂದೇ ಒಂದು ಪುಸ್ತಕ ಬರೆದ ಗಣಿತದ ಮೇಷ್ಟ್ರು — ಎಲ್ಲರಿಗೂ ಅದೊಂದೇ ಸರ್ವರು. ಅದನ್ನು ನೋಡಿಕೊಳ್ಳುತ್ತಿದ್ದ ಚಿಲಕಣ್ಣ ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಕೋಣೆ ಮಾಡಿದರು. ಪಾಸ್‌ವರ್ಡ್ ಹಾಕಿ ಒಳಗೆ ಬಂದವನಿಗೆ ತನ್ನ ಕೋಣೆ ಮಾತ್ರ ಕಾಣಬೇಕು. ಅದರಲ್ಲಿ 'ಪ್ರೂಫ್' ಅಂತ ಒಂದು ಫೋಲ್ಡರ್, 'ಅಚ್ಚಿಗೆ' ಅಂತ ಒಂದು ಫೋಲ್ಡರ್. ಆ ಫೈಲುಗಳು ನಿಜವಾಗಿ ಯಾವ ಡಿಸ್ಕಿನ ಯಾವ ಮೂಲೆಯಲ್ಲಿವೆಯೋ ಅವನಿಗೆ ತಿಳಿಯುವುದಿಲ್ಲ. ಮೇಲಕ್ಕೆ ಹೋಗುವ ಗುಂಡಿ ಎಷ್ಟು ಒತ್ತಿದರೂ ಅಲ್ಲೇ ಇರುತ್ತಾನೆ. ಪಕ್ಕದಲ್ಲಿ ಇನ್ನೊಬ್ಬರು ಇದ್ದಾರೆ ಅನ್ನುವ ಸುಳಿವೂ ಸಿಗುವುದಿಲ್ಲ.

ಕ್ಯಾಲೆಂಡರಿನವರು ಒಮ್ಮೆ ಫೋನ್ ಮಾಡಿ, ಹಿಂದಿನ ಫೋಲ್ಡರಿಗೆ ಹೋಗಲು ಆಗುತ್ತಿಲ್ಲ, ನಿಮ್ಮ ಸರ್ವರು ಕೆಟ್ಟಿದೆ ಅಂತ ಕೂಗಾಡಿದರು. ಚಿಲಕಣ್ಣ ತಣ್ಣಗೆ, "ಹಿಂದೆ ಏನೂ ಇಲ್ಲ ಸಾರ್, ನಿಮ್ಮದೆಲ್ಲ ಮುಂದೇನೇ ಇದೆ" ಅಂದರು. ಆ ಮನುಷ್ಯ ಇಲ್ಲೇ ಕೂತು ನಗುತ್ತಿದ್ದಾರೆ, ನೋಡಿ.

ಇನ್ನು ಹೊಸ ಗ್ರಾಹಕ ಬಂದ ಅಂದರೆ ನಮಗೆಲ್ಲ ತಲೆನೋವು. ಚಿಲಕಣ್ಣ ಸ್ವಾಗತದ ಮೇಜಿನವಳನ್ನು ಕುರ್ಚಿಯಿಂದ ಎಬ್ಬಿಸಿ ಅವಳ ಕಂಪ್ಯೂಟರಿನ ಮುಂದೆ ಕೂರುವರು. ಕನ್ನಡಕ ಹೀಗೆ — ಹಣೆಗೇರಿಸಿ — 'ಪರೀಕ್ಷೆ' ಅನ್ನುವ ಲಾಗಿನ್‌ನಲ್ಲಿ ಒಳಗೆ ಹೋಗಿ, ತಾವೇ ಕಟ್ಟಿದ ಗೋಡೆಯಿಂದ ಹೊರಗೆ ಬರಲು ಕಳ್ಳನ ಹಾಗೆ ಒದ್ದಾಡುವರು. ಒಮ್ಮೆ ಎಲ್ಲೋ ಸಂದಿ ಸಿಕ್ಕಿತು. "ದಡ್ಡ, ಕಿಟಕಿ ತೆಗೆದಿಟ್ಟಿದೀಯಲ್ಲೋ" ಅಂತ ತಮಗೆ ತಾವೇ ಬೈದುಕೊಂಡು, ಅದು ಸರಿಯಾಗುವ ತನಕ ಇಡೀ ಸರ್ವರ್ ನಿಲ್ಲಿಸಿದರು. ಅಚ್ಚಿಗೆ ಹೋಗಬೇಕಿದ್ದ ನನ್ನ ಪುಟಗಳು ಅಲ್ಲೇ ಸಿಕ್ಕಿಕೊಂಡವು. ನಾನು ಬಾಯಿಗೆ ಬಂದದ್ದು ಅಂದೆ. ಅವರು ತಲೆ ಎತ್ತಿ ನೋಡಲೂ ಇಲ್ಲ.

ತಮ್ಮ ದಿನದ ಕೆಲಸದ ಲಾಗಿನ್ನನ್ನೂ ಅವರು ಒಂದೇ ಕೋಣೆಗೆ ಕಟ್ಟಿಹಾಕಿದ್ದರು. ನೀವೇ ಕಟ್ಟಿದವರು, ನಿಮಗ್ಯಾಕಣ್ಣ ಗೋಡೆ ಅಂತ ಕೇಳಿದೆ. "ನನಗೂ ಕುತೂಹಲ ಇರತ್ತಲ್ಲಮ್ಮ" ಅಂದರು.

ಅಂಥವರು ಆಸ್ಪತ್ರೆ ಸೇರಿದ ವಾರವೇ — ಯಜಮಾನರೇ, ಮುಖ ತಿರುಗಿಸಬೇಡಿ — ದೊಡ್ಡ ಪ್ರಕಾಶಕರೊಬ್ಬರು ತಮ್ಮ ಎರಡು ಶಾಖೆಗಳ ಕೋಣೆಗಳನ್ನು ಒಟ್ಟಿಗೆ ನೋಡಬೇಕು ಅಂದರು. ನಮ್ಮ ಮಾರಾಟ ವಿಭಾಗದ ಸಾರ್, ಅಂದರೆ ಯಜಮಾನರ ಭಾವಮೈದ, ಅದಕ್ಕೇನಂತೆ ಅಂತ, ಗ್ರಾಹಕರನ್ನು ಅವರವರ ಕೋಣೆಯಲ್ಲೇ ಇಡುವ ಸೆಟ್ಟಿಂಗಿನ ಟಿಕ್ ತೆಗೆದರು. ಒಬ್ಬರಿಗೆ ಅಂತ ತೆಗೆದದ್ದು ಎಲ್ಲರಿಗೂ ತೆರೆಯಿತು. ಗೋಡೆಗಳೆಲ್ಲ ಒಂದೇ ಸಲಕ್ಕೆ ಬಿದ್ದವು.

ಚಿಲಕಣ್ಣನ ಕಿವಿಗೆ ಬಿತ್ತು. ಹಾಸಿಗೆಯಿಂದಲೇ ನನಗೆ ಫೋನ್ ಮಾಡಿ, ಪರೀಕ್ಷೆಯ ಲಾಗಿನ್ ಹಾಕಿ ಮೇಲಕ್ಕೆ ಒತ್ತು ಅಂದರು. ಒತ್ತಿದೆ. ಎಲ್ಲ ಗ್ರಾಹಕರ ಹೆಸರೂ ಸಾಲಾಗಿ ಬಂದವು.

"ಗಣಿತದ ಮೇಷ್ಟ್ರದ್ದೂ ಕಾಣ್ತಾ?"

"ಕಾಣ್ತು ಅಣ್ಣ."

"ಮುಚ್ಚಿಸಮ್ಮ."

ಆ ಟಿಕ್ ಹಾಕುವ ಅಧಿಕಾರ ನನ್ನ ಲಾಗಿನ್ನಿಗಿಲ್ಲ, ಮಾರಾಟದ ಸಾರ್ ಹತ್ತಿರ ಹೋದೆ. ಹುಷಾರಾಗಿ ಬಂದು ಅವರೇ ಮಾಡಲಿ ಬಿಡಿ ಅಂದರು. ಯಜಮಾನರ ಹತ್ತಿರ ಹೋದೆ. ದೊಡ್ಡ ಗಿರಾಕಿ, ಕೆಲಸ ಮುಗಿಯಲಿ, ಆಮೇಲೆ ನೋಡೋಣ ಅಂದರು. ಅತ್ತ ಅಣ್ಣ ಫೋನ್ ಮಾಡಿದಾಗಲೆಲ್ಲ ಮುಚ್ಚಿದ್ರಾ ಅಂತ ಕೇಳುವರು. ಇಲ್ಲ ಅಂದರೆ ನನ್ನ ಮೇಲೆ ರೇಗುವರು. ಅವರು ನನ್ನ ಜೊತೆ ಆಡಿದ ಕೊನೆಯ ಮಾತೂ ಬೈಗುಳವೇ. ಅದು ನನಗೆ ಸೇರಬೇಕಾದ ಬೈಗುಳವಲ್ಲ ಅಂತ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೇಷ್ಟ್ರೇ — ಬಾಗಿಲ ಹತ್ತಿರ ಕೂತಿದ್ದೀರಿ — ನಿವೃತ್ತಿಯಾದ ಮೇಲೆ ಕೂತು ಬರೆದ ನಿಮ್ಮ ಲೆಕ್ಕದ ಪುಸ್ತಕ ಇನ್ನೂ ಅಚ್ಚಾಗಿಲ್ಲ. ಬರುವಾಗ ಮೆಟ್ಟಿಲ ಮೇಲೆ ನನ್ನನ್ನು ನಿಲ್ಲಿಸಿ, "ಅವ್ರಿಲ್ಲ ಅಂತ ನನ್ನ ಪುಸ್ತಕಕ್ಕೇನೂ ಆಗಲ್ಲ ಅಲ್ವಾ ತಾಯಿ?" ಅಂದಿರಿ. ಒಳಗೆ ಬನ್ನಿ ಅಂದೆ. ಉತ್ತರ ಈಗ ಹೇಳುತ್ತಿದ್ದೇನೆ. ನಿಮ್ಮ ಪುಸ್ತಕವನ್ನು ಈ ಹೊತ್ತಿನಲ್ಲೂ ನಮ್ಮ ಯಾವ ಗ್ರಾಹಕ ಬೇಕಾದರೂ ತೆರೆದು ನಕಲು ಮಾಡಿಕೊಳ್ಳಬಹುದು. ಆ ದೊಡ್ಡ ಪ್ರಕಾಶಕರೂ ಮಾಡಬಹುದು. ಅವರೂ ಗಣಿತದ ಪುಸ್ತಕ ತರುತ್ತಾರೆ ಅನ್ನುವುದು ನಿಮಗೆ ಗೊತ್ತೇ ಇದೆ.

ಯಜಮಾನರೇ, ಮೈಕು ಕೇಳಬೇಡಿ, ಮುಗಿಸುತ್ತಿದ್ದೇನೆ.

ಮೌನ ಆಚರಿಸೋಣ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಬೇಕು. ಮಾರಾಟದ ಸಾರ್, ನೀವು ಮಾತ್ರ ನಿಲ್ಲಬೇಡಿ. ಸರ್ವರ್ ಕೋಣೆ ಈ ಗೋದಾಮಿನ ಪಕ್ಕದಲ್ಲೇ ಇದೆ. ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಹೋಗಿ. ತೆಗೆದ ಟಿಕ್ ಹಾಕಿ, ಮೇಲಕ್ಕೆ ಒತ್ತಿ ಅವರಿಗೆ ತೋರಿಸಿ. ಮೇಷ್ಟ್ರು ವಾಪಸ್ ಬಂದು "ಏನೂ ಕಾಣಲಿಲ್ಲ" ಅನ್ನುವ ತನಕ ನಾವು ಯಾರೂ ಕೂರುವುದಿಲ್ಲ, ಮಾತಾಡುವುದೂ ಇಲ್ಲ.

ಏಳಿ.