ಅಕ್ಕನ ಎರಡು ಮೆಸೇಜು

ಆಸ್ಪತ್ರೆಯ ಹೆಂಗಸರ ವಾರ್ಡಿನ ಹೊರಗೆ ದರ್ಜಿ ಹೆಂಗಸೊಬ್ಬಳು ತಾಯಿಯ ಎಕ್ಸ್‌ರೇಗಾಗಿ ಕಾದು ಕೂತಿದ್ದಳು. ಅದೇ ಬೆಂಚಿನ ಮೇಲೆ ಬಿಳಿಗಡ್ಡದ ಮೌಲ್ವಿ, ಪಕ್ಕದಲ್ಲಿ ಸ್ಟೀಲ್ ಡಬ್ಬಿಯನ್ನು ಎದೆಗವಚಿಕೊಂಡ ಅವರ ಹೆಂಡತಿಯ ತಮ್ಮ. ಬೇಡವೆಂದರೂ ಅವಳ ಕಿವಿ ಅತ್ತಲೇ ಹೊರಳಿತು.

“ಭಾವ, ಸೋಮವಾರ ಅಕ್ಕ ‘ಇನ್ಮೇಲೆ ನಿನ್ನ ಮುಖ ತೋರಿಸ್ಬೇಡ’ ಅಂತ ಮೆಸೇಜ್ ಹಾಕಿದ್ಳು. ಇವತ್ತು ‘ನನ್ನ ಹಲ್ಲಿನ ಸೆಟ್ಟು ನೀನೇ ತಗೊಂಡು ಬಾ’ ಅಂತಾಳೆ. ಯಾವುದನ್ನ ಪಾಲಿಸ್ಲಿ?”

“ಎರಡನ್ನೂ.”

“ಅದು ಹೇಗಾಗತ್ತೆ?”

“ನಮ್ಮ ಗ್ರಂಥದಲ್ಲಿ ಒಂದು ಕಡೆ, ಕೊನೇ ದಿನ ಯಾರ ಪಾಪವನ್ನೂ ವಿಚಾರಿಸಲ್ಲ ಅಂತಿದೆ. ಇನ್ನೊಂದು ಕಡೆ ಎಲ್ಲರನ್ನೂ ವಿಚಾರಿಸ್ತಾರೆ ಅಂತಿದೆ. ವಿದ್ವಾಂಸರು ಯಾವುದನ್ನೂ ಬಿಡಲಿಲ್ಲ. ಆ ದಿನ ಬಹಳ ಉದ್ದ, ಒಂದು ಘಟ್ಟದಲ್ಲಿ ಕೇಳಲ್ಲ, ಇನ್ನೊಂದರಲ್ಲಿ ಕೇಳ್ತಾರೆ ಅಂದ್ರು. ಮೊದಲು ಎರಡಕ್ಕೂ ಜಾಗ ಹುಡುಕಬೇಕು.”

“ಸಿಗದಿದ್ರೆ?”

“ಆಗ ಮಾತ್ರ, ಆಮೇಲೆ ಬಂದ ಮಾತೇ ಉಳಿಯತ್ತೆ.”

“ಇಲ್ಲಿ ಜಾಗ ಎಲ್ಲಿದೆ?”

“ಹಲ್ಲು ತಗೊಂಡು ಬಾ ಅಂದಿದಾಳೆ, ಮುಖ ತಗೊಂಡು ಬಾ ಅಂದಿಲ್ಲ. ಹಿಂದ್‌ಹಿಂದಕ್ಕೆ ನಡ್ಕೊಂಡು ಹೋಗು.”

ತಮ್ಮ ಎದ್ದು, ಡಬ್ಬಿಯನ್ನು ಬೆನ್ನ ಹಿಂದೆ ಹಿಡಿದು, ನಿಜವಾಗಿಯೂ ಹಿಮ್ಮುಖವಾಗಿ ವಾರ್ಡಿನ ಬಾಗಿಲು ದಾಟಿದ. ನರ್ಸೊಬ್ಬಳು ಟ್ರೇ ಸಮೇತ ಪಕ್ಕಕ್ಕೆ ಹಾರಿದಳು. ದರ್ಜಿ ಹೆಂಗಸು ಅಂಗೈಯನ್ನು ಬಾಯಿಗೆ ಒತ್ತಿಕೊಂಡಳು.

ಒಳಗಿನಿಂದ ಬೊಚ್ಚುಬಾಯಿಯ ಕೂಗು ಬಂತು. “ಇದೇನೋ ವೇಷ! ತಿರುಗೋ ಈ ಕಡೆ, ಮೂರು ದಿನ ಆಯ್ತು ನಿನ್ನ ಮುಖ ನೋಡಿ!”

ತಮ್ಮನ ಮುಖವಿನ್ನೂ ಹೊರಗಡೆಗೇ ಇತ್ತು. “ಭಾವ, ಈಗ?”

ಮೌಲ್ವಿ ಚಪ್ಪಲಿ ಮೆಟ್ಟಿ ಎದ್ದರು.

“ಇನ್ನು ಎರಡಕ್ಕೂ ಜಾಗ ಸಾಲಲ್ಲ. ಸೋಮವಾರದ್ದು ರದ್ದಾಯ್ತು, ತಿರುಗಪ್ಪಾ,” ಎನ್ನುತ್ತಾ ತಾವೂ ಒಳಗೆ ಹೋದರು.