ಅಣ್ಣನ ಹಾರ್ನು

ಕುರುಗೋಡಿನ ಬಸ್ ನಿಲ್ದಾಣದಲ್ಲಿ ಅದಿರು ಲಾರಿಗಳ ಹಾರ್ನಿಗೆ ಶಾಪ ಹಾಕುತ್ತ ಕೂತಿದ್ದ ಅಕ್ಕನಾಗಮ್ಮನ ಕಿವಿಗೆ ಪಕ್ಕದ ಹುಡುಗರಿಬ್ಬರ ಮಾತು ಬಿತ್ತು. ಕಂಪ್ಯೂಟರಿನ ಲಾರಿ ಆಟದ ಮಾತು.

“ಆಟಕ್ಕ ಹೊಸ ಮಾಡ್ ಮ್ಯಾನೇಜರ್ ಸಾಫ್ಟ್‌ವೇರ್ ಹಾಕ್ಕೊಳ್ಳಲೇ ಶಾಕೀರ್. ನಾವು ಸೇರ್ಸಿದ ಲಾರಿ, ರೋಡು ಎಲ್ಲಾ ಅದಽ ಜೋಡಸ್ತೈತಿ. ಆಟ ನಡುವ ನಿಲ್ಲಂಗಿಲ್ಲ.”

“ನಮ್ಮಣ್ಣ ಮಾಡಿದ ಲಾರಿ ಅದರಾಗ ನಡ್ಯಂಗಿಲ್ಲ, ಶಶಿ. ಹಳೇದ್ರಾಗಷ್ಟಽ ನಡೀತೈತಿ.”

“ಬ್ಯಾರೆ ಲಾರಿ ಹಾಕು. ಚಲೋ ಚಲೋವು ಅದಾವು.”

“ಅಣ್ಣ ತನ್ನ ಖರೇ ಲಾರಿ ಹಾರ್ನ್ ರೆಕಾರ್ಡ್ ಮಾಡಿ ಅದಕ್ಕ ಹಾಕ್ಯಾನ. ಗಣಿಯಿಂದ ಬರೋವಾಗ ಓಣಿ ತಿರುವಿನ್ಯಾಗ ಒತ್ತತಿದ್ನಲ್ಲ, ಅದನ್ನ ಕೇಳಿ ಅಮ್ಮಿ ರೊಟ್ಟಿ ಹಂಚು ಇಡ್ತಿದ್ಲು.”

“ಅವ ತೀರ್ಕೊಂಡು ವರ್ಷಾತಲ್ಲೋ.”

“ಅಮ್ಮಿ ಈಗ್ಲೂ ಸಂಜಿಗೆ ಕಂಪ್ಯೂಟರ್ ಹತ್ರ ಬಂದು, ಆ ಹಾರ್ನ್ ಒಮ್ಮಿ ಒತ್ತು ಅಂತಾಳ. ಒತ್ತಿದ ಮ್ಯಾಲಽ ಹಂಚು ಇಡ್ತಾಳ.”

ಹೊರಗೊಂದು ಲಾರಿ ಹಾರ್ನ್ ಹೊಡೆಯಿತು. ಅಕ್ಕನಾಗಮ್ಮನಿಗೆ ಬೈಯಲು ಬಾಯಿ ಬರಲಿಲ್ಲ.

ಬಳ್ಳಾರಿ ಬಸ್ ಬಂತು. ಶಶಿ ಇಬ್ಬರ ಚೀಲಗಳನ್ನೂ ತಾನೇ ಎತ್ತಿಕೊಂಡ.

“ಆಟಕ್ಕ ಹಳೇ ಮಾಡ್ ಮ್ಯಾನೇಜರಽ ಇರ್ಲಿ ಬಿಡಲೇ.”